ಜೋಕರ್ ಚಿತ್ರದಿಂದ ‘ಬೆಳಕು’: ನನ್ನ ಒಂದು ಅಭ್ಯಾಸ ಪಾಠ

ಎಂಟನೇ ತರಗತಿಗೆ ‘ಬೆಳಕು’ ಪಾಠ ಮಾಡುವಾಗ ನಾನು ಆರಿಸಿಕೊಂಡ ಬೋಧನೋಪಕರಣ ಒಂದು ಜೋಕರ್ ಮುಖ. ಸ್ಟೀಫನ್ ಕಿಂಗ್ ಅವರ ‘ಇಟ್’ (1986) ಕಾದಂಬರಿಯ ಪೆನ್ನಿವೈಸ್ ಎಂಬ ಕೋಡಂಗಿಯನ್ನು 2017ರ ಚಲನಚಿತ್ರದಲ್ಲಿ ಕಂಡಂತೆ ಡ್ರಾಯಿಂಗ್ ಹಾಳೆಯ ಮೇಲೆ ಬರೆದಿದ್ದೆ: ಬಿಳಿ ಮುಖ, ಕೆಂಪು ತುಟಿ, ತುಟಿಯಂಚಿನಿಂದ ಕಣ್ಣು ದಾಟಿ ಮೇಲೇರುವ ಎರಡು ಕೆಂಪು ಗೆರೆ.

ಕಿಟಕಿ ಮುಚ್ಚಿಸಿ, ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ ಬೆಳಕು ಬಿಟ್ಟೆ. ನಗು ಹೆಚ್ಚುಕಡಿಮೆ ಮಾಯವಾಯಿತು. ಬಿಳಿ ಬಣ್ಣವೂ ಕೆಂಪು ಬಣ್ಣವೂ ಕೆಂಪು ಬೆಳಕನ್ನು ಪ್ರತಿಫಲಿಸುವುದರಿಂದ ಎರಡರ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ಹಸಿರು ಕಾಗದ. ಕೆಂಪು ಬಣ್ಣ ಹಸಿರು ಬೆಳಕನ್ನು ಹೀರಿಕೊಂಡಿತು. ಬಾಯಿ ಕಪ್ಪು ಗುಂಡಿಯ ಹಾಗೆ ತೆರೆದುಕೊಂಡಿತು. ತರಗತಿ ‘ಓ’ ಎಂದು ಕೂಗಿತು. ಭಯಾನಕ ಚಿತ್ರಗಳಲ್ಲಿ ಹಸಿರು, ನೀಲಿ ಬೆಳಕು ಏನು ಮಾಡುತ್ತದೆಂದು ಬಾಯಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ.

ಆದರೆ ಎರಡನೇ ಬೆಂಚಿನ ಹುಡುಗಿಯೊಬ್ಬಳು ಮುಖ ಮುಚ್ಚಿಕೊಂಡು ಡೆಸ್ಕಿಗೆ ತಲೆ ಆನಿಸಿದ್ದಳು. ನಾನು ನೋಡಿದೆ. ಹಿಂದೆ ವೀಕ್ಷಕ ಉಪನ್ಯಾಸಕರು ಕುಳಿತಿದ್ದರು, ಅವಧಿ ಮುಗಿಯಲು ಎಂಟು ನಿಮಿಷವಿತ್ತು. ನಾನು ಮೌಲ್ಯಮಾಪನದ ಪ್ರಶ್ನೆಗಳಿಗೆ ಹೋದೆ. ನನ್ನ ಪಾಠಯೋಜನೆಯ ಸಿದ್ಧತೆಯ ಭಾಗದಲ್ಲಿ ಟಾರ್ಚಿನ ಸೆಲ್ ಬಗ್ಗೆಯೂ ಬರೆದಿದ್ದೆ, ಹೆದರುವ ಮಗುವಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮರುದಿನ ಪ್ರಾರ್ಥನೆಗೆ ಮೊದಲು ವರಾಂಡದಲ್ಲಿ ಅವಳನ್ನು ಕರೆದು, ಚಿತ್ರ ತೋರಿಸಲೇ ಎಂದು ಕೇಳಿದೆ. ಒಪ್ಪಿದಳು. ಸ್ವಲ್ಪ ಹೊತ್ತು ನೋಡಿ, “ಮಿಸ್, ಇವನು ನಗ್ತಾ ಇದ್ರೂ ನಗ್ತಾ ಇಲ್ಲ” ಎಂದಳು. ತಾನೇ ಅಂಗೈಯಿಂದ ಬಾಯಿ ಮುಚ್ಚಿದಳು. ಉಳಿದದ್ದು ಕೋಪದ ಕಣ್ಣು. ಬಳಿದ ನಗು ಕದಲುವುದಿಲ್ಲ, ಕಣ್ಣು ಬೇರೆಯೇ ಹೇಳುತ್ತದೆ. ಚಿತ್ರ ಬರೆದ ನನಗೇ ಇದು ಹೊಳೆದಿರಲಿಲ್ಲ. ಎಲ್ಲವೂ ಬೆಳಕಿನ ಕೆಲಸವೆಂದುಕೊಂಡಿದ್ದೆ.

ಟಾರ್ಚನ್ನು ಅವಳ ಕೈಗೇ ಕೊಟ್ಟೆ. ಹಸಿರು ಕಾಗದ ಹಾಕಿ ತೆಗೆದು ನಾಲ್ಕೈದು ಸಲ ನೋಡಿದಳು. ಬಿಸಿಲಿದ್ದುದರಿಂದ ಬಾಯಿ ಅಷ್ಟೇನೂ ಕಪ್ಪಾಗಲಿಲ್ಲ. ತರಗತಿಯ ಕಿಟಕಿ ಮುಚ್ಚೋಣವೇ ಎಂದೆ. “ಬೇಡ ಮಿಸ್” ಎಂದಳು. ಬಿಟ್ಟೆ.

ವೀಕ್ಷಣಾ ಪುಸ್ತಕದಲ್ಲಿ ‘ಟೊಮೆಟೊ ಸಾಕಿತ್ತು’ ಎಂಬ ಟಿಪ್ಪಣಿ ಇದೆ. ಪೂರ್ತಿ ಒಪ್ಪಲಾರೆ, ಟೊಮೆಟೊ ಕಪ್ಪಾದರೆ ಯಾರೂ ಕೂಗುವುದಿಲ್ಲ. ಆದರೆ ಮುಂದಿನ ವಿಭಾಗಕ್ಕೆ ಟೊಮೆಟೊದಿಂದಲೇ ಆರಂಭಿಸಿದೆ. ಜೋಕರನ್ನು ಕಿಟಕಿ ತೆರೆದಿರುವಾಗಲೇ ತೋರಿಸಿ, ಟಾರ್ಚನ್ನು ಮಕ್ಕಳ ಕೈಗೆ ಕೊಟ್ಟು, ನೋಡಲು ಇಷ್ಟವಿಲ್ಲದವರಿಗೆ ಫಲಿತಾಂಶ ಬರೆದುಕೊಳ್ಳುವ ಕೆಲಸ ಒಪ್ಪಿಸಿದೆ. ಮಾಡಿ ನೋಡುವವರು ಜಿಲೆಟಿನ್ ಕಾಗದವನ್ನು ಎರಡು ಪದರ ಮಡಚಿ ಕಟ್ಟಿ. ಒಂದೇ ಪದರದಲ್ಲಿ ಬೇರೆ ಬಣ್ಣದ ಬೆಳಕೂ ನುಸುಳುತ್ತದೆ.