ಅಡಿಕೆ ಅಂಗಳಕ್ಕೆ ಟಾರ್ಪಾಲು: ದರ ಕೇಳುವ ಕ್ರಮ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಬೇಯಿಸಿ ಅಂಗಳಕ್ಕೆ ಹಾಕಿದ ಮೇಲೆ ಮೋಡ ಕಟ್ಟಿದರೆ ಮನೆಮಂದಿಯೆಲ್ಲ ಓಡಬೇಕು. ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬರಿಸೆಂದೂ ನಿಲ್ಲಿಸೆಂದೂ ಹರಕೆ ಹೊರುವ ಸೀಮೆ ಇದು. ಹರಕೆಯ ಜೊತೆಗೆ ಒಳ್ಳೆಯ ಟಾರ್ಪಾಲೂ ಇರಲಿ. ದೀಪಾವಳಿಯ ಹೊತ್ತಿಗೆ ಗಡಿಬಿಡಿಯಲ್ಲಿ ಕೊಳ್ಳಲು ಹೋದರೆ ಅಂಗಡಿಯವರು ಹೇಳಿದ್ದೇ ದರ. ಗಣೇಶ ಚೌತಿ ಮುಗಿದ ಕೂಡಲೇ ವಿಚಾರಿಸಲು ಶುರುಮಾಡಿ.

ಹಂತ 1: ಕೆಲಸ ಯಾವುದೆಂದು ತೀರ್ಮಾನಿಸಿ
ಅಡಿಕೆಯ ಅಡಿಗೆ ಹಾಸಲೋ, ಮೇಲೆ ಚಪ್ಪರದಂತೆ ಕಟ್ಟಲೋ? ಹಾಸುವುದಕ್ಕೆ ಉಜ್ಜಾಟ ತಡೆಯಬೇಕು. ಕಟ್ಟುವುದಕ್ಕೆ ಬಿಸಿಲು, ಗಾಳಿ ತಡೆಯಬೇಕು. ಎರಡಕ್ಕೂ ಒಂದೇ ಸಾಕೆಂದರೆ ಎರಡು ಕಡೆಯೂ ಬೇಗ ಹಾಳಾಗುತ್ತದೆ. ಹಸಿ ಅಡಿಕೆಯ ಮೇಲೆ ನೇರವಾಗಿ ಮುಚ್ಚಿಟ್ಟರೆ ಬೆವರಿ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಚಪ್ಪರವೇ ವಾಸಿ.

ಹಂತ 2: ಅಳತೆ
ಅಂಗಳ 26 × 20 ಅಡಿ ಇದ್ದರೆ ಸುತ್ತ ಎರಡೆರಡು ಅಡಿ ಸೇರಿಸಿ 30 × 24 ಕೇಳಿ. ಇಲ್ಲಿ ಒಂದು ಸೂಕ್ಷ್ಮವಿದೆ. ಬಟ್ಟೆ ಕತ್ತರಿಸಿದ ಅಳತೆ ಬೇರೆ, ಅಂಚು ಮಡಿಚಿ ಹೊಲಿದ ಮೇಲಿನ ಅಳತೆ ಬೇರೆ. ನಿಮಗೆ ಬೇಕಾದದ್ದು ಎರಡನೆಯದು.

ಹಂತ 3: ದಪ್ಪವನ್ನು ಅಂಕೆಯಲ್ಲಿ ಹೇಳಿ
‘ಹೆವಿ ಕ್ವಾಲಿಟಿ’ ಎಂಬ ಮಾತಿಗೆ ಅರ್ಥವಿಲ್ಲ. ನೇಯ್ದ ಟಾರ್ಪಾಲಿನ ದಪ್ಪವನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಕೇಳಬೇಕು. ಪಾರದರ್ಶಕ ಹಾಳೆಯನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಬ್ಬರು ಜಿಎಸ್‌ಎಂ, ಇನ್ನೊಬ್ಬರು ಮೈಕ್ರಾನ್ ಹೇಳಿದರೆ ಅವೆರಡನ್ನು ಹೋಲಿಸಲು ಹೋಗಬೇಡಿ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನಿಂದ ನೇಯ್ದ ಟಾರ್ಪಾಲಿಗೆ ಐಎಸ್ 7903 ಎಂಬ ಭಾರತೀಯ ಮಾನಕವಿದೆ. ಆ ಗುರುತು ಇದೆಯೇ ಎಂದೂ ವಿಚಾರಿಸಿ.

ಹಂತ 4: ಎಲ್ಲರಿಗೂ ಒಂದೇ ಒಕ್ಕಣೆ ಕಳಿಸಿ
ಪೇಟೆಯ ಎರಡು ಅಂಗಡಿ, ಶಿವಮೊಗ್ಗದ ಒಬ್ಬ ವ್ಯಾಪಾರಿ, ಪರಿಕರ ಮಾರುವುದಿದ್ದರೆ ನಿಮ್ಮ ಸಹಕಾರ ಸಂಘ, ಇಷ್ಟು ಸಾಕು. ಫೋನಿನಲ್ಲಿ ಕೇಳಿದ ದರ ನಾಳೆಗೆ ಬದಲಾಗುತ್ತದೆ, ಹಾಗಾಗಿ ವಾಟ್ಸಾಪಿನಲ್ಲಿ ಬರೆದೇ ಕೇಳಿ:

“ಹೊಲಿದ ಮೇಲಿನ ಅಳತೆ 30 × 24 ಅಡಿ. ಎಚ್‌ಡಿಪಿಇ, 200 ಜಿಎಸ್‌ಎಂ, ಯುವಿ ರಕ್ಷಣೆ ಇರುವುದು. ನಾಲ್ಕೂ ಅಂಚಿನ ಒಳಗೆ ಹಗ್ಗ, ಮೂರು ಅಡಿಗೊಂದು ಐಲೆಟ್. ಜಿಎಸ್‌ಟಿ, ಸಾಗಾಟ ಸೇರಿ ಒಟ್ಟು ಎಷ್ಟು? ಈ ದರ ಎಲ್ಲಿಯವರೆಗೆ?”

ಐಲೆಟ್ ಎಂದರೆ ಹಗ್ಗ ಕಟ್ಟುವ ಲೋಹದ ಕಣ್ಣು. ಅದನ್ನು ಬಹಳ ಜನ ಕೇಳುವುದೇ ಇಲ್ಲ. ಸಡಿಲವಾಗಿ ಕಟ್ಟಿದ ಟಾರ್ಪಾಲು ಗಾಳಿಗೆ ದೋಣಿಯ ಹಾಯಿಯಂತೆ ಉಬ್ಬುತ್ತದೆ, ಆಗ ಮೊದಲು ಹರಿಯುವುದು ಆ ಕಣ್ಣಿನ ಸುತ್ತಲೇ.

ಹಂತ 5: ರೈತ ಸಂಪರ್ಕ ಕೇಂದ್ರಕ್ಕೂ ಹೋಗಿ
ಕೃಷಿ ಇಲಾಖೆ ಹೋಬಳಿ ಮಟ್ಟದ ಕೇಂದ್ರಗಳ ಮೂಲಕ ಸಹಾಯಧನದಲ್ಲಿ ಟಾರ್ಪಾಲು ಕೊಡುವುದುಂಟು. ಸಾಮಾನ್ಯವಾಗಿ 8 × 6 ಮೀಟರಿನದು. ದಾಸ್ತಾನು ಬಂದಾಗ ಮಾತ್ರ ಸಿಗುತ್ತದೆ. ಸರ್ಕಾರದ ರೈತ ನೋಂದಣಿಯಾದ ‘ಫ್ರೂಟ್ಸ್’ ಸಂಖ್ಯೆ ಕೈಯಲ್ಲಿರಲಿ.

ಹಂತ 6: ಹೋಲಿಕೆ
ಸಾಗಾಟ, ತೆರಿಗೆ ಎಲ್ಲ ಸೇರಿದ ಮೊತ್ತವನ್ನು 720 ಚದರ ಅಡಿಯಿಂದ ಭಾಗಿಸಿ. ಶಿವಮೊಗ್ಗದ ದರ ಅಗ್ಗವೆಂದು ಕಂಡರೂ ಕಿಗ್ಗಕ್ಕೋ ಬಾಳೆಹೊನ್ನೂರಿಗೋ ಬರುವಷ್ಟರಲ್ಲಿ ಲಾಭ ಕರಗಿರಬಹುದು. ಚೌಕಾಸಿ ಇದಾದ ಮೇಲೆ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಒಟ್ಟಾಗಿ ಕೇಳಿದರೆ ದರ ಇಳಿಯುತ್ತದೆ, ಸಾಗಾಟದ ಖರ್ಚೂ ಹಂಚಿಹೋಗುತ್ತದೆ.

ಹಂತ 7: ತೂಗಿ ನೋಡಿ
ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. 720 ಚದರ ಅಡಿ ಎಂದರೆ ಸುಮಾರು 67 ಚದರ ಮೀಟರು. ನಿಜಕ್ಕೂ 200 ಜಿಎಸ್‌ಎಂ ಆಗಿದ್ದರೆ 13.4 ಕಿಲೋ ತೂಗಬೇಕು. 10 ಕಿಲೋ ತೂಗಿದರೆ ನಿಮಗೆ ಕೊಟ್ಟಿರುವುದು 150ರದು. ಹಗ್ಗ, ಐಲೆಟ್‌ಗಳಿಂದ ತೂಕ ತುಸು ಹೆಚ್ಚಬಹುದೇ ಹೊರತು ಕಡಿಮೆಯಾಗದು. ಅಳತೆ, ಜಿಎಸ್‌ಎಂ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ತೂಗಿ ತೋರಿಸಲು ಒಪ್ಪದ ಅಂಗಡಿ ಎಷ್ಟೇ ಕಡಿಮೆ ದರ ಹೇಳಿದರೂ ಬಿಟ್ಟುಬಿಡಿ.