ಹಬ್ಬದ ಮುಂಚಿನ ಆಟಿಕೆ: ತಂಗಿಯ ಮಗನಿಗೆ ಒಂದು ಕಿವಿಮಾತು

ಮಗಾ, ನೀನು ಕೆಲಸದ ಜೊತೆಗೆ ಸಣ್ಣದೊಂದು ವ್ಯಾಪಾರವನ್ನೂ ಹಿಡಿದಿದ್ದೀಯ ಅಂತ ನಿಮ್ಮಮ್ಮ ಹೇಳಿದಾಗ ನನಗೆ ಸಂತೋಷವೇ ಆಯಿತು. ಪೀಣ್ಯದಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ತಿಂಗಳು ತಿಂಗಳೂ ಸ್ಕೂಟರಿನ ಕಂತು, ಮೇಲೆ ಮನೆ ಬಾಡಿಗೆ. ಇದರ ನಡುವೆ ನಾಲ್ಕು ಕಾಸು ಹೆಚ್ಚಿಗೆ ದುಡಿಯಬೇಕು ಅನ್ನುವ ಹುಡುಗನನ್ನು ನಾನು ಬೈಯುವವಳಲ್ಲ. ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರಿ ಲಾಭ ಮಾಡುವುದು ತಪ್ಪು ಅಂತಲೂ ಹೇಳುವುದಿಲ್ಲ. ಲೋಕ ನಡೆಯುವುದೇ ಅದರಿಂದ. ಆದರೆ ಮಾರುತ್ತಿರುವುದು ಏನು, ಯಾವಾಗ, ಯಾರಿಗೆ ಅಂತ ತಿಳಿದ ಮೇಲೆ ದೊಡ್ಡಮ್ಮನಾಗಿ ಸುಮ್ಮನಿರಲು ಆಗುತ್ತಿಲ್ಲ.

ನನಗೆ ಅರ್ಥವಾದಷ್ಟು ಇಷ್ಟು. ನವೆಂಬರ್ ಮುಗಿಯುತ್ತಿದ್ದ ಹಾಗೆ ನೀನೂ ನಿನ್ನ ಗೆಳೆಯರೂ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಸೂಪರ್ ಮಾರ್ಕೆಟ್ಟುಗಳ ಮುಂದೆ ಇರುತ್ತೀರಿ. ಹಾಟ್ ವೀಲ್ಸ್ ಕಾರುಗಳ ಹೊಸ ಪೆಟ್ಟಿಗೆ ಒಡೆದು ಕೊಕ್ಕೆಗೆ ನೇತುಹಾಕುವಷ್ಟರಲ್ಲೇ ಸ್ಕೈಲೈನ್, ಪೋರ್ಷೆ ಅಂತ ಮಕ್ಕಳು ಕೇಳುವುದನ್ನೆಲ್ಲ ಬಾಚಿಕೊಳ್ಳುತ್ತೀರಿ. ಇನ್ನೂರು ರೂಪಾಯಿಗೂ ಕಡಿಮೆ ಬೆಲೆ ಅಚ್ಚಾಗಿರುವ ಕಾರಿನ ಫೋಟೊ ಮಧ್ಯಾಹ್ನಕ್ಕೆ ಫೋನಿನಲ್ಲಿ ಬರುತ್ತದೆ, ಐನೂರು ರೂಪಾಯಿಗೆ. ಕೊಳ್ಳುವವರು ಎಲ್ಲೋ ದೂರದವರಲ್ಲ. ಅದೇ ಸೂಪರ್ ಮಾರ್ಕೆಟ್ಟಿಗೆ ಸಂಜೆ ಹೋಗಿ ಖಾಲಿ ಕೊಕ್ಕೆ ನೋಡಿ ಬಂದವರು.

ಅಂಥ ಒಬ್ಬಳನ್ನು ನಾನು ಕಂಡೆ. ನಮ್ಮ ಬೀದಿಯ ಹುಡುಗಿ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಕ್ರಿಸ್‌ಮಸ್ ಅವಳ ಮನೆಯ ಹಬ್ಬ. ಮಗನಿಗೆ ಏಳು ವರ್ಷ. ನೀಲಿ ಬಣ್ಣದ ಕಾರೊಂದೇ ಬೇಕು ಅಂತ ತಿಂಗಳಿಂದ ಹೇಳುತ್ತಿದ್ದಾನೆ. ಅವಳು ಕೆಲಸ ಬಿಟ್ಟು ಬರುವುದೇ ಕತ್ತಲಾದ ಮೇಲೆ, ಬಾಗಿಲು ತೆಗೆಯುವ ಹೊತ್ತಿಗೆ ಯಾವ ಅಂಗಡಿಯ ಮುಂದೆ ನಿಲ್ಲುತ್ತಾಳೆ? ಕೊನೆಗೆ ಫೋನಿನಲ್ಲಿ ಸಿಕ್ಕವನಿಂದ ಕೊಂಡಳು. ಊಟದ ಚೀಲದಿಂದ ತೆಗೆದು ನನಗೆ ತೋರಿಸಿದಳು. ಪ್ಲಾಸ್ಟಿಕ್ ಗುಳ್ಳೆಯೊಳಗೆ ಕಾರು ಸರಿಯಾಗಿಯೇ ಇತ್ತು. ಹಿಂದಿನ ರಟ್ಟಿನಲ್ಲಿ ಬೆಲೆ ಅಚ್ಚಾದ ಜಾಗವನ್ನು ಮಾತ್ರ ಯಾರೋ ಉಗುರಲ್ಲೋ ಬ್ಲೇಡಿನಲ್ಲೋ ಕೆರೆದಿದ್ದರು. ರಟ್ಟಿನ ಬಿಳಿ ನಾರು ಮೇಲೆದ್ದಿತ್ತು. "ಇಷ್ಟೇನಾ ಆಂಟಿ ಇದರ ರೇಟು?" ಅಂತ ಕೇಳಿದಳು. ಕೆರೆದದ್ದು ನೀನೇ ಅಂತ ನಾನು ಹೇಳುತ್ತಿಲ್ಲ. ಆದರೆ ಯಾರು ಕೆರೆದರೂ, ತಾನು ಕೇಳುವ ಬೆಲೆಗೂ ಅಲ್ಲಿರುವ ಬೆಲೆಗೂ ಎಷ್ಟು ಅಂತರ ಅನ್ನುವುದು ಕೆರೆದವನಿಗೆ ಚೆನ್ನಾಗಿ ಗೊತ್ತು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಪೊಟ್ಟಣ ಕಟ್ಟಿದ ಸರಕುಗಳ ಬಗ್ಗೆ 2011ರ ನಿಯಮಗಳಿವೆ. ಅಚ್ಚಾದ ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಾರದು, ಆ ಬೆಲೆಯನ್ನು ಅಳಿಸಬಾರದು, ತಿದ್ದಬಾರದು. ಅಂಗಡಿಯವರಿಗೆ ಮಾತ್ರ ಅಂತ ಇಲ್ಲ, ಬೇರೆ ಯಾರೇ ಆದರೂ ಅಂತಲೇ ಅದರಲ್ಲಿದೆ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾನೂನು ಮಾಪನಶಾಸ್ತ್ರ ಇಲಾಖೆ. ಫೋನಿನಲ್ಲಿ ಮಾರುವ ಹುಡುಗರ ಮನೆಗೆ ಇನ್‌ಸ್ಪೆಕ್ಟರು ಬರುತ್ತಾರೋ ಇಲ್ಲವೋ, ಆ ಭಯದಿಂದ ನೀನು ಬಿಡಬೇಕು ಅನ್ನುವುದು ನನ್ನ ಆಸೆಯಲ್ಲ. ತಿಳಿದು ಬಿಡಬೇಕು.

ನೀನು ನಿಮ್ಮಮ್ಮನ ಹತ್ತಿರ ವಾದ ಮಾಡಿದೆಯಂತೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಕನಕಾಂಬರ ಕೆಜಿಗೆ ಸಾವಿರಗಟ್ಟಲೆ ಆಗುವುದಿಲ್ಲವೇ, ದೀಪಾವಳಿಗೆ ಪ್ರೈವೇಟ್ ಬಸ್ಸಿನವರು ಊರಿಗೆ ಡಬಲ್ ಚಾರ್ಜು ಮಾಡುವುದಿಲ್ಲವೇ ಅಂತ. ಬಸ್ಸಿನವರದು ನನಗೂ ಸರಿ ಕಾಣುವುದಿಲ್ಲ, ಅದು ಬಿಡು. ಹೂವಿನ ಮಾತು ಮಾತ್ರ ನಿಜವಾಗಿ ಯೋಚಿಸುವಂಥದ್ದು. ಕೆ.ಆರ್. ಮಾರ್ಕೆಟ್ಟಿನಲ್ಲಿ ಹಬ್ಬದ ಹಿಂದಿನ ರಾತ್ರಿ ಹೂವಿಗೆ ಬೆಲೆ ಏರುವುದು ಊರಿಗೆ ಊರೇ ಒಂದೇ ದಿನ ಹೂ ಕೇಳುವುದರಿಂದ. ಏರಿದ ಬೆಲೆಯಲ್ಲಿ ಒಂದು ಪಾಲು ಬೆಳೆದವನಿಗೂ ಹೋಗುತ್ತದೆ, ಮುಂದಿನ ವರ್ಷ ಅವನು ಇನ್ನೆರಡು ಸಾಲು ಹೆಚ್ಚಿಗೆ ನೆಡುತ್ತಾನೆ. ಹೂವಾಡಗಿತ್ತಿ ರಾತ್ರಿಯಿಡೀ ನಿದ್ದೆಗೆಟ್ಟು ಕಟ್ಟುತ್ತಾಳೆ, ಉಳಿದದ್ದು ಬೆಳಗಾದರೆ ಬಾಡಿತು, ನಷ್ಟ ಅವಳದೇ. ಎಲ್ಲಕ್ಕಿಂತ ದೊಡ್ಡದು, ಅವಳು ಬೇರೆಯವರ ಬುಟ್ಟಿಯ ಹೂವನ್ನೆಲ್ಲ ಕೊಂಡು ಮನೆಯಲ್ಲಿ ಬಚ್ಚಿಟ್ಟು ಕೊರತೆ ಹುಟ್ಟಿಸುವುದಿಲ್ಲ. ನಿನ್ನ ಕಾರು ಬಾಡುವುದಿಲ್ಲ ಮಗಾ. ಹೆಚ್ಚಿಗೆ ಬಂದ ಮುನ್ನೂರು ರೂಪಾಯಿ ಅದನ್ನು ಮಾಡಿದವರಿಗೂ ಹೋಗುವುದಿಲ್ಲ, ಇನ್ನೊಂದು ಕಾರು ಅದರಿಂದ ಹುಟ್ಟುವುದೂ ಇಲ್ಲ. ಬೆಳಗ್ಗೆ ಕೊಕ್ಕೆಯಲ್ಲಿ ಇದ್ದದ್ದು ಸಂಜೆ ಇಲ್ಲವಾದದ್ದಕ್ಕೆ ಕಾರಣ ನೀನೇ. ಇಲ್ಲವಾಗಿಸಿದ್ದಕ್ಕೇ ನೀನು ಬೆಲೆ ಕೇಳುತ್ತಿದ್ದೀಯ.

ಈ ಆಟ ನನಗೆ ಹೊಸದಲ್ಲ. ಇದೇ ಜಾಲಹಳ್ಳಿಯಲ್ಲಿ ನಾನು ಇದರ ಇನ್ನೊಂದು ಬದಿಯಲ್ಲಿ ಕೂತಿದ್ದೆ. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇಲ್ಲಿ ಶುರುವಾದದ್ದು 1961ರಲ್ಲಿ. ಅಸೆಂಬ್ಲಿಯಲ್ಲಿ ನಮ್ಮಂಥ ಹೆಂಗಸರೇ ಬಹಳ. ಕಣ್ಣಿಗೆ ಲೂಪು ಸಿಕ್ಕಿಸಿಕೊಂಡು, ಚಿಮುಟದಲ್ಲಿ ಬ್ಯಾಲೆನ್ಸ್ ಚಕ್ರ ಹಿಡಿದು ಅದರ ಜಾಗಕ್ಕೆ ಇಳಿಸುವಾಗ ಉಸಿರು ಜೋರಾಗಿ ಬಿಟ್ಟರೂ ಕೈ ತಪ್ಪುತ್ತಿತ್ತು. ಜನತಾ, ಪೈಲಟ್, ಸೋನಾ ಎಲ್ಲಕ್ಕೂ ಬೇಡಿಕೆ ಇತ್ತು, ಆದರೆ ಕಾಂಚನ ಅನ್ನುವ ಆಟೋಮ್ಯಾಟಿಕ್ ಗಡಿಯಾರಕ್ಕೆ ಇದ್ದ ಹುಚ್ಚು ಬೇರೆ. ಮದುವೆಯಲ್ಲಿ ಅಳಿಯನ ಕೈಗೆ ಕಾಂಚನವನ್ನೇ ಕಟ್ಟಬೇಕು ಅಂತ ಬೀಗರು ಹಟ ಹಿಡಿಯುತ್ತಿದ್ದರು. ಅಂಗಡಿಗೆ ಹೋದರೆ ಸ್ಟಾಕ್ ಇಲ್ಲ. ಬ್ಲಾಕ್‌ನಲ್ಲಿ ಕೇಳಿದಷ್ಟು ಕೊಟ್ಟರೆ ಅದೇ ಗಡಿಯಾರ ಎಲ್ಲಿಂದಲೋ ಪ್ರತ್ಯಕ್ಷ. ದೇಶದುದ್ದಕ್ಕೂ ಹಾಗೇ ನಡೆಯಿತು. ಚಿಮುಟ ಹಿಡಿದವರ ಸಂಬಳದ ಕವರಿಗೆ ಆ ಮೇಲಿನ ದುಡ್ಡಿನಲ್ಲಿ ಒಂದು ಪೈಸೆಯೂ ಬರಲಿಲ್ಲ. ಕಾರ್ಖಾನೆಯ ಲೆಕ್ಕಕ್ಕೂ ಬರಲಿಲ್ಲ. ನಡುವೆ ನಿಂತವನು ತಿಂದ.

ಅವನು ಮಾರುತ್ತಿದ್ದದ್ದು ಏನು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಗಡಿಯಾರಕ್ಕೆ ಅಚ್ಚಾದ ಬೆಲೆ ಇತ್ತಲ್ಲ. ಅದರ ಮೇಲಿನದು ಹೆಣ್ಣಿನ ತಂದೆಯ ಅಸಹಾಯಕತೆಯ ಬೆಲೆ. ಲಗ್ನಪತ್ರಿಕೆ ಹಂಚಿ ಆಗಿದೆ, ಮುಹೂರ್ತ ಮುಂದಕ್ಕೆ ಹೋಗುವುದಿಲ್ಲ, ಆರು ತಿಂಗಳು ಕಾಯುತ್ತೇನೆ ಅನ್ನುವ ದಾರಿ ಆ ಮನುಷ್ಯನಿಗಿಲ್ಲ. ಅದೇ ಗಡಿಯಾರವನ್ನು ತನಗೇ ಅಂತ ಕೊಳ್ಳುವವನಾದರೆ, ಬೇಡ, ಮುಂದಿನ ವರ್ಷ ನೋಡೋಣ ಅನ್ನಬಹುದಿತ್ತು. 1984ರಲ್ಲಿ ಟೈಟಾನ್ ಕಂಪನಿ ಹುಟ್ಟಿ, 1987ರಿಂದ ಹೊಸೂರಿನ ಗಡಿಯಾರಗಳು ಮಾರುಕಟ್ಟೆಗೆ ಬಂದವು. ಕಣ್ಣಿಗೆ ಬೇಕಾದ್ದು ಕೈಗೆ ಸಿಗುವ ಹಾಗಾಯಿತು, ಬ್ಲಾಕ್‌ನವರು ಬೇರೆ ಸರಕು ಹುಡುಕಿಕೊಂಡು ಹೋದರು. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಈಗ ಹಳೆಯ ಕಾಂಚನವನ್ನು ಯಾರಾದರೂ ಸಂಗ್ರಹಕ್ಕೆಂದು ನಾಲ್ಕು ಪಟ್ಟು ಕೊಟ್ಟು ಕೊಂಡರೆ ನನಗೆ ಬೇಸರವಿಲ್ಲ, ಖುಷಿಯೇ. ಅವನ ತಲೆಯ ಮೇಲೆ ಮುಹೂರ್ತ ಕೂತಿಲ್ಲ.

ಡಿಸೆಂಬರ್ 25 ಅನ್ನುವುದು ನಮ್ಮ ಬೀದಿಯ ಆ ಹುಡುಗಿಗೆ ಮುಹೂರ್ತ ಕಣೋ. ಇನ್ನು ಏಳು ವರ್ಷದ ಮಗುವಿಗೆ ಸ್ಟಾಕು, ರೀಸೇಲು ಇದೊಂದೂ ಗೊತ್ತಾಗುವುದಿಲ್ಲ. ಕಾರು ಬರಲಿಲ್ಲ ಅಂದರೆ ಅಮ್ಮ ತರಲಿಲ್ಲ, ಅಥವಾ ಸಾಂತಾ ತನ್ನನ್ನು ಮರೆತ, ಅಷ್ಟೇ. ಬಿಇಎಲ್, ಎಚ್‌ಎಂಟಿ, ಏರ್‌ಫೋರ್ಸ್ ಅಂತ ಎಲ್ಲೆಲ್ಲಿಯವರೋ ಬಂದು ನೆಲೆಸಿದ ಜಾಗ ಇದು. ಮಲಯಾಳಿಗಳು, ತಮಿಳರು, ಆಂಗ್ಲೋ ಇಂಡಿಯನ್ನರು ಎಲ್ಲರ ಮನೆಯ ಕ್ರಿಸ್‌ಮಸ್ ನೋಡಿ ಬೆಳೆದವರು ನೀವು, ನಕ್ಷತ್ರ ಕಟ್ಟಿದ ಮನೆಗಳಿಂದ ಕೇಕು ತಿಂದವರು. ಈಗ ಶಾಲೆಗಳಲ್ಲೂ ಅಪಾರ್ಟ್‌ಮೆಂಟುಗಳಲ್ಲೂ ಸಾಂತಾ ಬರುತ್ತಾನೆ, ಎಲ್ಲ ಜಾತಿಯ ಮಕ್ಕಳೂ ಕಾಯುತ್ತಾರೆ. ಅಪಾರ್ಟ್‌ಮೆಂಟಿನವರಿಗೆ ಐನೂರು ಏನು ಮಹಾ ಅಂತ ನೀನು ಅನ್ನಬಹುದು. ಅವರಿಗೆ ಮಹಾ ಅಲ್ಲದಿರಬಹುದು. ಆದರೆ ನೀನು ಫೋನಿನಲ್ಲಿ ಫೋಟೊ ಹಾಕಿದರೆ ಯಾರು ಕೊಳ್ಳುತ್ತಾರೆ ಅಂತ ಆರಿಸುವ ಅಧಿಕಾರ ನಿನಗೆ ಇರುವುದಿಲ್ಲ. ಐನೂರು ಕೊಡಲಾಗದವರು ನಿನಗೆ ಕಾಣಿಸುವುದೂ ಇಲ್ಲ, ಅವರು ಮೆಸೇಜೇ ಮಾಡುವುದಿಲ್ಲ.

ನೀನು ಚಿಕ್ಕವನಿದ್ದಾಗ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದ್ದೆ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚಿಗೆ ತಂದ. ಕದ್ದದ್ದಲ್ಲ, ಮೋಸ ಮಾಡಿದ್ದಲ್ಲ, ನೆಲದ ಮೇಲೆ ಬಿದ್ದದ್ದು. ಆದರೂ ಹೆಚ್ಚಿನದನ್ನು ವಾಪಸ್ ಹಾಕಿ ಬಾ ಅಂದಳು ಲಕ್ಕಮ್ಮ. ಆಗ ನೀನು ಕೇಳಿದ್ದೆ, ಬಿದ್ದ ಅಕ್ಕಿ ತಾನೇ, ಏನು ತಪ್ಪು ಅಂತ. ಅಂಗಳದಲ್ಲಿ ಬಿದ್ದದ್ದನ್ನು ನೆಚ್ಚಿಕೊಂಡವರು ಬೇರೆಯವರೂ ಇರುತ್ತಾರೆ ಮಗಾ. ದುಡ್ಡು ಕೊಟ್ಟು ಕೊಂಡೆ, ಬಿಲ್ ಇದೆ ಅನ್ನುವ ನಿನ್ನ ಮಾತಿಗೂ ನನ್ನ ಉತ್ತರ ಅದೇ.

ನಾನು ಬಿಟ್ಟರೆ ಇನ್ನೊಬ್ಬ ಬಾಚುತ್ತಾನೆ ಅನ್ನುತ್ತೀಯ. ಬಾಚಬಹುದು. ಅಮೆರಿಕದಲ್ಲಿ 1983ರಲ್ಲಿ ಕ್ಯಾಬೇಜ್ ಪ್ಯಾಚ್ ಗೊಂಬೆಗೆ ಅಂಗಡಿಗಳಲ್ಲಿ ಜನ ನೂಕಾಡಿ ಗಾಯ ಮಾಡಿಕೊಂಡರು. 1996ರಲ್ಲಿ ಮೂವತ್ತು ಡಾಲರಿನೊಳಗಿನ ಎಲ್ಮೋ ಗೊಂಬೆಯನ್ನು ನೂರಾರು ಡಾಲರಿಗೆ ಮಾರಿದರು. ಲೋಕದಲ್ಲಿ ಬಾಚುವವರಿಗೆ ಬರವಿಲ್ಲ, ಅದನ್ನು ತಡೆಯುವ ಹೊರೆ ನಿನ್ನ ಮೇಲಿಲ್ಲ. ನಿನ್ನ ಎರಡು ಕೈ ಏನು ಮಾಡುತ್ತವೆ ಅನ್ನುವುದಷ್ಟೇ ನಿನ್ನದು.

ಇನ್ನೊಂದು ಮಾತು, ಇದು ಕಟ್ಟುನಿಟ್ಟು. ಲಬುಬು ಗೊಂಬೆಯ ಹೆಸರಲ್ಲಿ ನಕಲಿ ಮಾಲು ತಂದು ಮಾರುವ ಯೋಚನೆ ನಿನ್ನ ಗೆಳೆಯರಿಗಿದೆಯಂತೆ. ಅದರ ಹತ್ತಿರವೂ ಹೋಗಬೇಡ. 2021ರ ಜನವರಿಯಿಂದ ಈ ದೇಶದಲ್ಲಿ ಮಾರುವ ಬಹುತೇಕ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಮಕ್ಕಳು ಬಾಯಿಗೆ ಹಾಕುವ ಬಣ್ಣ ಯಾವುದು, ಕಿತ್ತು ಬರುವ ಕಣ್ಣು ಗಂಟಲಿಗೆ ಸಿಕ್ಕುತ್ತದೋ ಅಂತ ನೋಡುವುದಕ್ಕೇ ಆ ಗುರುತಿನ ಹಿಂದಿನ ಪರೀಕ್ಷೆ.

ಹಾಗಾದರೆ ದುಡಿಯುವುದು ಹೇಗೆ? ನಿನಗೆ ಆಟಿಕೆಯ ಕಣ್ಣು ಇದೆ, ಅದನ್ನು ಒಳ್ಳೆಯದಕ್ಕೆ ಹಚ್ಚು. ರಬ್ಬರ್ ಟೈರಿನ ಸೂಪರ್ ಟ್ರೆಷರ್ ಹಂಟ್ ಅಂತ ಏನೋ ಕಾರು ಅಪರೂಪಕ್ಕೆ ಸಿಗುತ್ತದಲ್ಲ, ಅದನ್ನು ಹುಡುಕುವವರು ದೊಡ್ಡವರು. ಎಂಆರ್‌ಪಿಯ ಮಾತು ಅಲ್ಲೂ ಇದ್ದೇ ಇದೆ, ಅದಕ್ಕೆ ಒಂದಕ್ಕೊಂದು ಬದಲಾಯಿಸಿಕೊಳ್ಳುವ ಕೂಟ ಕಟ್ಟಿ. ಒಂದು ಕಾರಿಗೆ ಇನ್ನೊಂದು ಕಾರು ಅನ್ನುವ ಹಾಗೆ ನೀವೇ ಆಡುತ್ತಿದ್ದಿರಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳು ಬೆಳೆದು ಬಿಟ್ಟ ರಿಮೋಟ್ ಕಾರು, ಸೈಕಲ್ಲು ಮೂಲೆಯಲ್ಲಿ ಬಿದ್ದಿರುತ್ತವೆ. ಕಡಿಮೆ ಬೆಲೆಗೆ ತಂದು, ವೈರು ಬೆಸುಗೆ ಹಾಕಿ, ಒರೆಸಿ, ಹಳೆಯದು ಅಂತ ಹೇಳಿಯೇ ಮಾರು. ಅದರಲ್ಲಿ ಬರುವ ಲಾಭ ಪೂರ್ತಿ ನಿನ್ನದು, ಒಂದು ರೂಪಾಯಿಗೂ ನಾನು ಬಾಯಿ ಹಾಕುವುದಿಲ್ಲ. ಚನ್ನಪಟ್ಟಣ ಇಲ್ಲಿಂದ ಎಷ್ಟು ದೂರ? ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಆಟಿಕೆಯನ್ನು ಮಾಡಿದವರಿಗೆ ಸರಿಯಾದ ಬೆಲೆ ಕೊಟ್ಟು ತಂದು, ನಕ್ಷತ್ರದ ಅಂಗಡಿಗಳ ಪಕ್ಕ ಗಂಗಮ್ಮ ಸರ್ಕಲ್ಲಿನಲ್ಲಿ ಒಂದು ಮೇಜು ಹಾಕು. ಅಲ್ಲಿ ಇಲ್ಲದ್ದನ್ನು ನೀನು ತಂದಿರುತ್ತೀಯ, ತಂದ ಶ್ರಮಕ್ಕೆ ಜನ ಕೊಡುತ್ತಾರೆ.

ಈಗ ನಿನ್ನ ಮಂಚದ ಕೆಳಗಿರುವ ಪೆಟ್ಟಿಗೆಗಳ ಮಾತು. ಹಬ್ಬಕ್ಕೆ ಇನ್ನೂ ದಿನವಿದೆ. ಮಕ್ಕಳು ಕೇಳುವ ಕಾರುಗಳನ್ನೆಲ್ಲ ಅಚ್ಚಾದ ಬೆಲೆಗೇ ಕೊಡು, ಫೋನಿನಲ್ಲಿ ಹಾಗೆಂದೇ ಬರೆ, ಒಬ್ಬರಿಗೆ ಒಂದೇ ಅಂತ ಹೇಳು, ಇಲ್ಲವಾದರೆ ನಿನ್ನ ಗೆಳೆಯರೇ ಬಂದು ಎತ್ತಿಕೊಂಡು ಹೋಗುತ್ತಾರೆ. ನಮ್ಮ ಬೀದಿಯ ಹುಡುಗಿಗೆ ಕೊಟ್ಟವನು ನಿನ್ನ ಗುಂಪಿನವನೇ ಆಗಿದ್ದರೆ ಹೆಚ್ಚಿಗೆ ತೆಗೆದುಕೊಂಡದ್ದನ್ನು ವಾಪಸ್ ಮಾಡಿಸು. ಈ ತಿಂಗಳ ಕಂತಿಗೆ ಎಷ್ಟು ಕಡಿಮೆ ಬೀಳುತ್ತದೆ ಅಂತ ಲೆಕ್ಕ ಬರೆದುಕೊಂಡು ಭಾನುವಾರ ಊಟಕ್ಕೆ ಬಾ. ನನ್ನ ಪೆನ್ಷನ್ ಪಾಸ್‌ಬುಕ್ ತೆಗೆದಿಟ್ಟಿರುತ್ತೇನೆ.