ತೊಂಬತ್ತು ವ್ಯಾಟಿನ ಉಳಿತಾಯ

ಹೋದ ಸಂಕ್ರಾಂತಿಗೆ ಅಣ್ಣನ ಮಗ ಹೈದರಾಬಾದಿನಿಂದ ನಮ್ಮೂರು ರಾಯಿಕೋಡಿಗೆ ಬಂದಾಗ ನಮ್ಮ ಅಂಗಳದಲ್ಲಿ ತೊಗರಿ ರಾಶಿ ನಡೆದಿತ್ತು. ಹೊಟ್ಟು ಹಾರುತ್ತಿದ್ದ ಆ ಗದ್ದಲದಲ್ಲೇ ಅವನು ಪಡಸಾಲೆಯ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. "ಕಾಕಾ, ಗೇಮ್ ಹತ್ತು ನಿಮಿಷ ಛಲೋ ನಡಿತದ. ಆಮ್ಯಾಲ ತಡದು ತಡದು ಬರ್ತದ" ಅಂದ.

ಆ ಲ್ಯಾಪ್‌ಟಾಪ್ ಶುಂಠಿ ಮಾರಿದ ದುಡ್ಡಿನಲ್ಲಿ 62,000 ರೂಪಾಯಿ ಕೊಟ್ಟು ತಂದದ್ದು. ವಾರಂಟಿ ಒಂದೇ ವರ್ಷ, ಅದು ಮುಗಿದಿತ್ತು. ನಮ್ಮ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ರಿಪೇರಿ ಅಂಗಡಿಯಲ್ಲಿ ಉರ್ದು; ಮೂರರಲ್ಲೂ ಕೇಳಿದೆ, ಉತ್ತರ ಒಂದೇ: ಗ್ರಾಫಿಕ್ಸ್ ಕಾರ್ಡ್ ಹೋಗಿದೆ, 18,000 ಆಗುತ್ತದೆ.

ಲ್ಯಾಪ್‌ಟಾಪಿನಲ್ಲಿ 'ಕಾರ್ಡ್' ಎಂಬುದು ಹೆಸರಿಗಷ್ಟೇ. ದೊಡ್ಡ ಕಂಪ್ಯೂಟರಿನಲ್ಲಾದರೆ ಕಿತ್ತು ಬೇರೆ ಹಾಕಬಹುದು. ಇಲ್ಲಿ ಸಾಮಾನ್ಯವಾಗಿ ಆ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಹಾಗಾಗಿ ಅದೊಂದು ಹೋದರೆ ಇಡೀ ಬೋರ್ಡಿನ ದುಡ್ಡು. ಚಿಪ್ ಕಾಯಿಸಿ ಮತ್ತೆ ಕೂರಿಸಿದರೆ 3,500, ಆದರೆ ಗ್ಯಾರಂಟಿ ಇಲ್ಲ ಎಂದೂ ಒಬ್ಬರು ಹೇಳಿದರು. ಗ್ಯಾರಂಟಿ ಇಲ್ಲದ ರಿಪೇರಿಗೆ ನಾನು ದುಡ್ಡು ಕೊಡುವುದಿಲ್ಲ. ಚಿಪ್ ನಿಜವಾಗಿ ಕೆಡುವುದೇ ಇಲ್ಲ ಎಂದಲ್ಲ. 2008ರಲ್ಲಿ ಲ್ಯಾಪ್‌ಟಾಪ್ ಚಿಪ್ಪುಗಳು ಕೆಟ್ಟು ಬಂದವೆಂದು ಎನ್‌ವಿಡಿಯಾ ಕಂಪನಿಯೇ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತ್ತು. ಆದರೆ ಸತ್ತ ಚಿಪ್ಪು ಸಾಮಾನ್ಯವಾಗಿ ಪರದೆಯ ಮೇಲೆ ಗೆರೆ, ಚುಕ್ಕಿ ಮೂಡಿಸುತ್ತದೆ, ಇಲ್ಲವೇ ಪರದೆಯೇ ಕಪ್ಪಾಗುತ್ತದೆ. ನಮ್ಮದು ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತಿತ್ತಲ್ಲ!

ಮೊದಲು ಪುಕ್ಕಟೆ ಪರೀಕ್ಷೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಎರಡು ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪು, ಕಾಣುತ್ತವೆ: ಒಂದು ಪ್ರೊಸೆಸರಿನೊಳಗಿನ ಬಡಪಾಯಿ, ಇನ್ನೊಂದು ಗೇಮಿನ ಪೈಲ್ವಾನ. ಗೇಮ್ ಬಡಪಾಯಿಯ ಹೆಗಲೇರಿ ಕೂತಿದ್ದರೆ, ಡಿಸ್‌ಪ್ಲೇ ಸೆಟ್ಟಿಂಗ್ಸಿನ ಗ್ರಾಫಿಕ್ಸ್‌ನಲ್ಲಿ ಅದನ್ನು 'ಹೈ ಪರ್ಫಾರ್ಮೆನ್ಸ್'ಗೆ ಬದಲಿಸಿದರಾಯಿತು. ನಮ್ಮದರಲ್ಲಿ ಪೈಲ್ವಾನನೇ ದುಡಿಯುತ್ತಿದ್ದ. ಡ್ರೈವರ್ ತೆಗೆದು ಹೊಸದಾಗಿ ಹಾಕಿದೆವು, ಅರ್ಧ ದಿನ ಹೋಯಿತು, ಅಷ್ಟೇ.

ಹಿಂಬದಿಯ ಮುಚ್ಚಳ ಬಿಚ್ಚಿದಾಗ ಫ್ಯಾನಿನ ಗಾಳಿಕಿಂಡಿಗೆ ತೊಗರಿ ಹೊಟ್ಟಿನ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಚಿಮಟಿಗೆಯಿಂದ ಎಳೆದರೆ ಒಂದೇ ತುಂಡಾಗಿ ಬಂತು. 300 ರೂಪಾಯಿಯ ಥರ್ಮಲ್ ಪೇಸ್ಟ್ ಹಚ್ಚಿದೆವು. 97 ಡಿಗ್ರಿ ಇದ್ದ ಕಾವು 82ಕ್ಕೆ ಇಳಿಯಿತು. ಹತ್ತು ನಿಮಿಷದ ಗೇಮ್ ಇಪ್ಪತ್ತು ನಿಮಿಷವಾಯಿತು, ಮತ್ತೆ ತಡೆಯಿತು.

ಆಗ ನನ್ನ ಕಣ್ಣು ಪರದೆಯ ಮೂಲೆಗೆ ಹೋಯಿತು. ಚಾರ್ಜರ್ ಸಿಕ್ಕಿಸಿಯೇ ಇತ್ತು, ಆದರೂ ಬ್ಯಾಟರಿ 84ರಿಂದ 71ಕ್ಕೆ ಇಳಿದಿತ್ತು.

ಎದೆ ಧಸಕ್ಕೆಂದಿತು. ದಸರೆಯ ಹೊತ್ತಿಗೆ ವೋಲ್ಟೇಜ್ ಏರಿ ಮೂಲ ಚಾರ್ಜರ್ ಸುಟ್ಟಿತ್ತು. ಹೊಸದಕ್ಕೆ 4,400 ಅಂದಾಗ, ಪಿನ್ ಕೂಡುತ್ತದಲ್ಲ ಎಂದು 900ರ ಚಾರ್ಜರ್ ತಂದು ಕೊಟ್ಟವನು ನಾನೇ. ಎರಡನ್ನೂ ತಿರುವಿ ಚೀಟಿ ಓದಿದೆವು. ವೋಲ್ಟ್ ಎರಡರದ್ದೂ 19.5. ಆಂಪಿಯರ್ ಮಾತ್ರ ಸುಟ್ಟದ್ದರದು 9.23, ನನ್ನದು 4.62. ಗುಣಿಸಿದರೆ 180 ವ್ಯಾಟ್ ಎದುರು 90. ಗೇಮಿಗೆ ಬೇಕಾದ ಕರೆಂಟ್ ಸಾಲದೆ ಯಂತ್ರ ಬ್ಯಾಟರಿಯಿಂದ ಕೈಗಡ ತರುತ್ತಿತ್ತು. ಅದೂ ಸಾಲದಾದಾಗ ಗ್ರಾಫಿಕ್ಸ್ ಚಿಪ್ಪಿನ ವೇಗ ಇಳಿಸುತ್ತಿತ್ತು. ಲ್ಯಾಪ್‌ಟಾಪ್ ಆನ್ ಮಾಡುವಾಗಲೇ ಚಾರ್ಜರ್ ಬಗ್ಗೆ ಎಚ್ಚರಿಕೆ ಬರುತ್ತಿತ್ತಂತೆ, ಹುಡುಗ ದಿನಾ ಗುಂಡಿ ಒತ್ತಿ ದಾಟಿಸುತ್ತಿದ್ದ.

4,400 ಕೊಟ್ಟು ಸರಿಯಾದ ಚಾರ್ಜರ್ ತಂದೆ. ರಾತ್ರಿ ಊಟದ ತನಕ ಗೇಮ್ ನಿಲ್ಲಲಿಲ್ಲ, ಅವರಮ್ಮ ಮೂರು ಸಲ ಕರೆದರೂ ಏಳಲಿಲ್ಲ. ಮರುದಿನ ನಾನು ಖರ್ಚಿನ ವಹಿ ತೆರೆದು ಪೇಸ್ಟ್ 300, ಚಾರ್ಜರ್ 4,400 ಎಂದು ಬರೆಯುತ್ತಿದ್ದಾಗ ಹಿಂದಿನಿಂದ ಇಣುಕಿದ.

"ಕಾಕಾ, ಆ 900 ನನ್ನ ಲೆಕ್ಕಕ್ಕ ಹಚ್ಚಬ್ಯಾಡ್ರಿ."